ಕೈ ಕಟ್ಟಿ ನಿಲ್ಲುವ ಕೆಲಸ

ಬೆಳಗಿನ ಆರು ಗಂಟೆ ದಾಟಿದೆ. ಜಪಾನಿನ ನೋಮಿ ಊರಿನ ಆರೈಕೆ ಕೇಂದ್ರವೊಂದರ ಎರಡನೇ ಮಹಡಿಯಲ್ಲಿ ನಕಾದೆ ಸಾನ್ (ಸಾನ್ ಅಂದರೆ ನಮ್ಮ 'ಅವರು') ಮಂಚದ ಅಂಚಿಗೆ ಕೂತು ಎಡಗಾಲಿಗೆ ಕಾಲುಚೀಲ ಹಾಕಿಕೊಳ್ಳಲು ಹೆಣಗುತ್ತಿದ್ದಾರೆ. ವಯಸ್ಸು ಎಂಬತ್ತಾರು. ಚೀಲ ಹೆಬ್ಬೆರಳಿಗೆ ಸಿಕ್ಕಿಹಾಕಿಕೊಂಡು ಜಾರುತ್ತದೆ. ಉಸಿರು ಬಿಡುತ್ತಾರೆ, ಮತ್ತೆ ಬಾಗುತ್ತಾರೆ, ಮತ್ತೆ ಜಾರುತ್ತದೆ. ಅವರ ಎಡಕ್ಕೆ, ಒಂದು ಮೊಳ ಹಿಂದೆ, ನಮ್ಮ ತಿರುಮಕೂಡಲು ನರಸೀಪುರದ ಬಾಲು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತಿದ್ದಾನೆ.

ನೋಡುತ್ತ ನೋಡುತ್ತ ನನ್ನ ಕೈ ಕಡಿಯತೊಡಗುತ್ತದೆ. "ಅಲ್ಲಯ್ಯಾ, ಒಂದು ಕೈ ಹಾಕಬಾರದಾ?" ಅಂತ ಕನ್ನಡದಲ್ಲಿ ಪಿಸುಗುಟ್ಟುತ್ತೇನೆ.

"ಹಾಕಿದ್ರೆ ಕೆಲಸ ಕೆಡುತ್ತೆ ಸಾರ್. ಈಗ ನಾನು ಮಾಡ್ತಾ ಇರೋದೇ ಕೆಲಸ" ಅನ್ನುತ್ತಾನೆ ಬಾಲು, ಮುದುಕರ ಮೇಲಿನ ಕಣ್ಣು ತೆಗೆಯದೆ.

ಈ ಕೆಲಸಕ್ಕೆ ಇಲ್ಲಿಯವರು 'ಮಿಮಾಮೊರಿ' ಅನ್ನುತ್ತಾರೆ. ಮುಟ್ಟಬಾರದು, ಬಿಟ್ಟು ಹೋಗಲೂಬಾರದು, ಕಣ್ಣಲ್ಲೇ ಕಾಯಬೇಕು. ಬಿದ್ದೇ ಬೀಳುತ್ತಾರೆ ಅನ್ನುವ ಗಳಿಗೆಯಲ್ಲಿ ಮಾತ್ರ ಕೈ ಮುಂದೆ ಬರಬೇಕು, ಅದಕ್ಕೆ ಮುಂಚೆ ಬರಕೂಡದು. ಆ ಗಳಿಗೆ ಯಾವುದು ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದೆ. "ಅದೇ ಗೊತ್ತಾಗಲ್ಲ ಸಾರ್" ಎಂದ. ಅಷ್ಟರಲ್ಲಿ ಕಾಲುಚೀಲ ಹಿಮ್ಮಡಿ ದಾಟಿತ್ತು. ನಕಾದೆ ಸಾನ್ ನಮ್ಮಿಬ್ಬರ ಕಡೆ ತಿರುಗಿಯೂ ನೋಡಲಿಲ್ಲ.

ನಾನಿರುವುದು ಇಲ್ಲಿಂದ ದೂರ, ಟೋಕಿಯೋ ಪಕ್ಕದ ಕಾಶಿವಾದಲ್ಲಿ. ಹೆಂಡತಿ ಮೈತ್ರೇಯಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ, ನಾನು ಅವಳ ವೀಸಾಕ್ಕೆ ಅಂಟಿಕೊಂಡು ಬಂದ ಗಂಡ. ಇಲ್ಲಿ ಕನ್ನಡದವರು ಸೇರಿದ ಕಡೆಯೆಲ್ಲ ಪಿಎಚ್‌ಡಿ, ಇಲ್ಲದಿದ್ದರೆ ಸಾಫ್ಟ್‌ವೇರ್. ಯುಗಾದಿಗೆ ನೋಮಿಯ ವಿದ್ಯಾರ್ಥಿಗಳು ಕರೆದಿದ್ದ ಊಟದಲ್ಲಿ ಒಬ್ಬ ಹುಡುಗ ಮಾತ್ರ ಎಲೆ ಎತ್ತುವುದು, ನೀರು ಬಡಿಸುವುದು ಮಾಡಿಕೊಂಡು ಓಡಾಡುತ್ತಿದ್ದ. ಯಾವ ಲ್ಯಾಬು ಅಂತ ಯಾರೋ ಕೇಳಿದರು. "ಲ್ಯಾಬ್ ಇಲ್ಲ, ಕೇರ್ ವರ್ಕರು. ವಯಸ್ಸಾದವರನ್ನ ನೋಡ್ಕೋತೀನಿ" ಅಂದ. ಕೇಳಿದವರು "ಓಹ್, ನೈಸ್" ಅಂತ ಹೋಳಿಗೆಯ ಕಡೆ ತಿರುಗಿಕೊಂಡರು. ನನಗೆ ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ ಇವನ ಬಗ್ಗೆ ಬರೆಯಬೇಕು ಅಂತ ಹೊರಟವನು, ಇಲ್ಲಿ ಎರಡು ದಿನ ಕಳೆಯುವುದರೊಳಗೆ ಏನು ಬರೆಯಬೇಕು ಅಂತಲೇ ತಿಳಿಯದವನಾದೆ.

ಮೊದಲ ಕರಡಿನಲ್ಲಿ ಪೇಪರಿನ ಪದ್ಧತಿಯಂತೆ 'ಬಾಲು ಅವರು' ಎಂದೇ ಬರೆದಿದ್ದೆ. ಓದಿ ಹೇಳಿದಾಗ ನಕ್ಕುಬಿಟ್ಟ. "ಬ್ಯಾಡ ಸಾರ್, ಬೇರೆ ಯಾರನ್ನೋ ಕರೆದಂಗಾಗುತ್ತೆ."

ಬಾಲುಗೆ ಇಪ್ಪತ್ತಾರು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮೆಡಿಕಲ್ ಸ್ಟೋರಿನಲ್ಲಿ ನಿಂತು, ಅಲ್ಲೇ ಸಂಜೆ ಜಪಾನಿ ಕಲಿತು, ಆರೈಕೆ ಕೆಲಸದ ಪರೀಕ್ಷೆ ಪಾಸು ಮಾಡಿ ಬಂದಿದ್ದಾನೆ. ಬಂದು ಮೂರನೆಯ ವರ್ಷ. ಏಳುವುದು ಕತ್ತಲಿರುವಾಗಲೇ. ಚಳಿಗಾಲದಲ್ಲಿ ಸೈಕಲ್ಲಿನ ಮೇಲಿನ ಹಿಮ ಕೊಡವಿ, ತುಳಿದುಕೊಂಡು ಬರುತ್ತಾನೆ. ಬೆಳಗಿನ ಪಾಳಿಯಲ್ಲಿ ಅವನ ಪಾಲಿಗೆ ಎಂಟು ಮಂದಿ. ಹಲ್ಲುಜ್ಜುವುದು, ಮುಖ ತೊಳೆಯುವುದು, ತಿಂಡಿ, ಮಾತ್ರೆ, ಸ್ನಾನ. ಕೆಲವರಿಗೆ ಎಲ್ಲ ಮಾಡಿಸಬೇಕು, ಕೆಲವರಿಗೆ ಅರ್ಧ. ಕೆಲವರ ಹತ್ತಿರ ಬರೀ ನಿಲ್ಲಬೇಕು. ನಿಲ್ಲುವುದೇ ಎಲ್ಲಕ್ಕಿಂತ ಸುಸ್ತು ಅಂತಾನೆ.

ಈ ಕೇಂದ್ರ ಕೊನೆಯವರೆಗೂ ಇರುವ ಜಾಗವಲ್ಲ. ಆಸ್ಪತ್ರೆಯಿಂದ ಹೊರಬಿದ್ದವರು ಕೆಲವು ತಿಂಗಳು ಇಲ್ಲಿದ್ದು, ಗಟ್ಟಿಯಾದರೆ ಮನೆಗೆ ಹೋಗುತ್ತಾರೆ. ಆಗದಿದ್ದರೆ ಖಾಯಂ ವೃದ್ಧಾಶ್ರಮ. ಅಲ್ಲಿಂದ ಮನೆಗೆ ವಾಪಸು ಹೋದವರು ಅಪರೂಪವಂತೆ. ನಕಾದೆ ಸಾನ್ ಪಕ್ಕದ ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವರು. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಹೋದ ಶರತ್ಕಾಲದಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅವರಿಗೆ ಬೇಕಿರುವುದು ಒಂದೇ, ತಮ್ಮ ಮನೆ. ಕೇಂದ್ರದವರು ಕೇಳುವುದೂ ಒಂದೇ: ಯಾರ ಆಸರೆಯೂ ಇಲ್ಲದೆ ಬಚ್ಚಲಿಗೆ ಹೋಗಿ ಬರಬೇಕು, ತಮ್ಮ ಮನೆಯ ಮೆಟ್ಟಿಲು ತಾವೇ ಹತ್ತಬೇಕು.

ಇಲ್ಲಿಗೆ ಬಂದ ಹೊಸದರಲ್ಲಿ ನಕಾದೆ ಸಾನ್ ವಾಕರ್ ಹಿಡಿದು ಊಟದ ಹಾಲಿನವರೆಗೂ ನಡೆಯುತ್ತಿದ್ದರು. ಅವರ ಉಸ್ತುವಾರಿ ಬಾಲುಗೆ ಬಂತು.

"ನಮ್ಮನೇಲಿ ತಾತ ಹೊರಗಿಂದ ಬಂದ್ರೆ ಚಪ್ಪಲಿ ಬಿಚ್ಚೋದು ನಾನು, ಕಾಲಿಗೆ ನೀರು ಕೊಡೋದು ನಾನು. ತಾತ ಬಾಗಿದ್ರೆ ಅಮ್ಮ ನನಗೆ ಬೈಯೋರು. ದೊಡ್ಡೋರು ಬಗ್ಗೋ ಹಂಗೆ ಮಾಡಬಾರದು ಅನ್ನೋರು. ಇಲ್ಲೂ ಅದನ್ನೇ ಮಾಡ್ದೆ ಸಾರ್. ಶೂ ನಾನೇ ಹಾಕ್ದೆ. ಗುಂಡಿ ನಾನೇ ಹಾಕ್ದೆ. ಎದ್ದೇಳಿ ಅನ್ನೋಕೆ ಮುಂಚೆ ಎತ್ತಿ ಕೂರಿಸ್ದೆ. ಹಾಲಿಗೆ ನಡ್ಕೊಂಡು ಹೋಗಕ್ಕೆ ಕಷ್ಟ ಪಡ್ತಾರೆ ಅಂತ ಗಾಲಿ ಕುರ್ಚಿ ತಂದು ತಳ್ಕೊಂಡು ಹೋದೆ. ತುತ್ತು ಬೀಳಿಸ್ತಾರೆ ಅಂತ ನಾನೇ ತಿನ್ನಿಸ್ದೆ. ಪಾಳಿಗಿಂತ ಮುಂಚೆ ಬಂದು ಮಾಡ್ತಿದ್ದೆ. ಇದ್ರಿಂದ ಏನಾಗ್ತಿದೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ."

ಮುದುಕರು ಬೇಡ ಅನ್ನಲಿಲ್ಲವೇ? ಪ್ರತಿ ಸಲ ಸುಮಿಮಾಸೆನ್, ತೊಂದರೆ ಕೊಟ್ಟೆ ಕ್ಷಮಿಸು, ಅನ್ನುತ್ತಿದ್ದರಂತೆ, ಕಾಲು ಮುಂದೆ ಚಾಚುತ್ತಿದ್ದರಂತೆ. ಯಾರಿಗೆ ತಾನೇ ಹಿತವಾಗುವುದಿಲ್ಲ ಹೇಳಿ.

ಫೆಬ್ರವರಿಯಲ್ಲಿ ಕೇಂದ್ರದ ಫಿಸಿಯೋ ಪರೀಕ್ಷೆ ಮಾಡಿದಳು. ವಾಕರ್ ಕೊಟ್ಟು ನಿಲ್ಲಿಸಿದರೆ ನಕಾದೆ ಸಾನ್ ಮೊಣಕಾಲು ಕುಸಿದು ಕೂತುಬಿಟ್ಟರು. ಬಂದಾಗ ನಡೆಯುತ್ತಿದ್ದವರು, ಬೀಳಲಿಲ್ಲ, ಕಾಯಿಲೆ ಬೀಳಲಿಲ್ಲ, ಸುಮ್ಮನೆ ಕಾಲಿನ ಶಕ್ತಿ ಹೋಗಿದೆ. ಮನೆಗೆ ಕಳಿಸುವ ಮಾತು ನಿಂತಿತು. ವೃದ್ಧಾಶ್ರಮದಲ್ಲಿ ಜಾಗ ನೋಡೋಣ ಅನ್ನುವ ಮಾತು ಬಂತು. ಆ ಮಹಡಿಯ ಮೇಲ್ವಿಚಾರಕಿ ಮುರಾಯಿ ಸಾನ್ ಬಾಲುವನ್ನು ಪಕ್ಕಕ್ಕೆ ಕರೆದು ದಿನಾ ಬೆಳಗ್ಗೆ ಏನೇನು ಮಾಡುತ್ತೀಯ ಹೇಳು ಅಂದರು. ಅವನು ಹೆಮ್ಮೆಯಿಂದಲೇ ಹೇಳಿದ. ಆಕೆ ಬೈಯಲಿಲ್ಲ. "ಅವರ ಕಾಲಿನ ಕೆಲಸವನ್ನು ನೀನು ತಗೊಂಡುಬಿಟ್ಟೆ" ಅಂದರಂತೆ.

"ಬೈದಿದ್ರೆ ಚೆನ್ನಾಗಿತ್ತು" ಅನ್ನುತ್ತಾನೆ ಬಾಲು. "ಅವತ್ತು ರೂಮಿಗೆ ಹೋಗಿ ಅತ್ತುಬಿಟ್ಟೆ ಸಾರ್. ನಾನು ಸೇವೆ ಮಾಡ್ತಿದೀನಿ ಅಂದ್ಕೊಂಡಿದ್ದೆ. ಅವರನ್ನ ಮನೆಗೆ ಹೋಗ್ದಂಗೆ ಮಾಡಿಟ್ಟಿದ್ದೆ."

ಅಂದಿನಿಂದ ಕೈ ಬೆನ್ನ ಹಿಂದೆ ಹೋಯಿತು. ಅದೂ ಸುಮ್ಮನೆ ಹೋಗಲಿಲ್ಲ. ಮಾರ್ಚಿನಲ್ಲಿ ನಕಾದೆ ಸಾನ್ ಬಚ್ಚಲ ಬಾಗಿಲಲ್ಲಿ ಓಲಾಡಿದಾಗ, ಇನ್ನೂ ಬೀಳುವುದಿಲ್ಲ, ತಾಳು ಅಂತ ಇವನು ಕೈ ತಡೆದು ನಿಂತ. ಅವರು ಗೋಡೆಗೆ ಬಡಿದು ಮೊಣಕೈ ನೀಲಿಗಟ್ಟಿತು. ಮುರಾಯಿ ಸಾನ್ ಈ ಸಲ ಯಾಕೆ ಹಿಡಿಯಲಿಲ್ಲ ಅಂತ ಕೇಳಿದರು. ಮಾಡಿದರೆ ಒಂದು, ಮಾಡದಿದ್ದರೆ ಇನ್ನೊಂದು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು ಇವನ ಕೆಲಸ. ಊರಿಗೆ ಫೋನ್ ಮಾಡಿ ತಾಯಿ ಚಾಮುಂಡೇಶ್ವರಮ್ಮನ ಹತ್ತಿರ ಹೇಳಿಕೊಂಡರೆ ಅವರು ಇನ್ನೂ ಬಿಸಿಯಾದರು.

"ಏನೋ ಇದು, ವಯಸ್ಸಾದೋರು ಒದ್ದಾಡ್ತಿದ್ರೆ ಕೈ ಕಟ್ಕೊಂಡು ನೋಡ್ತೀಯಾ? ಅದಕ್ಕೆ ಸಂಬಳ ಬೇರೆ ಕೊಡ್ತಾರಾ? ಇದನ್ನ ಕಲಿಯಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಮಗಾ?"

ಬಾಲು ಅಮ್ಮನಿಗೆ ತಿಳಿಸಿ ಹೇಳಲು ನೋಡಿದ, ಆಗಲಿಲ್ಲ. "ಅವ್ರು ಹೇಳೋದೂ ಸರಿ ಅಲ್ವಾ ಸಾರ್?" ಅಂತ ನನ್ನನ್ನೇ ಕೇಳಿದ. ನಾನು ಹೂಂ ಅಂದೆ. ಆಮೇಲೆ ಅಲ್ಲವೇನೋ ಅಂದೆ. ಬರೆಯುವವನಿಗೆ ಒಂದು ನಿಲುವು ಇರಬೇಕು ಅನ್ನುತ್ತಾರೆ. ಇದ್ದಿದ್ದರೆ ಬರೆಯುತ್ತಿದ್ದೆ.

ಇನ್ನೊಂದು ವಿಷಯವನ್ನು ಅವನು ಅರ್ಧ ನಗುತ್ತ ಹೇಳಿದ. ಮಾರ್ಚ್ ಕೊನೆಗೆ ಇವನಿಗೇ ಜ್ವರ ಬಂತು. ಮೂರು ದಿನ ರೂಮಿನಲ್ಲಿ ಒಬ್ಬನೇ. ಮೊದಲ ದಿನ ಏಳಲಾಗಲಿಲ್ಲ. ಎರಡನೆಯ ದಿನ ಗೋಡೆ ಹಿಡಿದುಕೊಂಡು ಇಳಿದು ಹೋಗಿ ಕೊಂಬಿನಿ ಅನ್ನುವ ಮೂಲೆ ಅಂಗಡಿಯಿಂದ ಗಂಜಿಯ ಪ್ಯಾಕೆಟ್ ತಂದು ಬಿಸಿ ಮಾಡಿ ಕುಡಿದ. ಗೆಳೆಯರಿಗೆ ಹೇಳಲಿಲ್ಲ. ಅವರವರಿಗೆ ಅವರವರ ಡೆಡ್‌ಲೈನು, ಸುಮ್ಮನೆ ತೊಂದರೆ ಯಾಕೆ ಅಂತ. ತಿರುಗಿ ಕೆಲಸಕ್ಕೆ ಬಂದಾಗ ನಕಾದೆ ಸಾನ್, ಯಾರು ನೋಡಿಕೊಂಡರು ಅಂತ ವಿಚಾರಿಸಿದರಂತೆ. ಯಾರೂ ಇಲ್ಲ, ನಾನೇ ಅಂದನಂತೆ ಇವನು.

"ಆಗ ಅವ್ರು ಏನಂದ್ರು ಗೊತ್ತಾ ಸಾರ್? ಜ್ವರ ಬಂದ್ರೂ ಒಬ್ಬನೇ ಎದ್ದು ಓಡಾಡ್ತೀಯ, ಯಾರನ್ನೂ ಕರೆಯಲ್ಲ. ನನಗೆ ಮಾತ್ರ ಶೂ ಕೂಡ ಹಾಕ್ಕೊಳ್ಳೋಕೆ ಬಿಡ್ತಿರಲಿಲ್ಲ, ಯಾಕೆ ಅಂದ್ರು."

ಮೈಯಲ್ಲಿ ಕಸುವಿರುವವನನ್ನು ನೀನೇ ನೋಡಿಕೋ ಅಂತ ಬಿಟ್ಟುಬಿಡುತ್ತೇವೆ, ಕಸುವು ಹೋದವರನ್ನು ಸುಮ್ಮನೆ ಕೂತಿರಿ ಅನ್ನುತ್ತೇವೆ. ಇವನಿಗೆ ಒಂದು ಲೋಟ ಗಂಜಿ ಕೊಡುವವರು ಬೇಕಿತ್ತು, ಅವರಿಗೆ ಸುಮ್ಮನಿರುವವರು ಬೇಕಿತ್ತು. ಇಬ್ಬರಿಗೂ ಸಿಕ್ಕಿದ್ದು ಅದರ ತದ್ವಿರುದ್ಧ. ಇದನ್ನು ಸಮಾಜಶಾಸ್ತ್ರ ಓದಿದವರು ಬಿಡಿಸಲಿ. ನನ್ನ ತಲೆಯಂತೂ ಗೊಜ್ಜಾಗಿದೆ.

ಏಪ್ರಿಲ್ ನಡುವಿಗೆ ಕಾಲು ತುಸು ಗಟ್ಟಿಯಾಯಿತು. ಕಾಲುಚೀಲ, ಶೂ, ಗುಂಡಿ, ಬಚ್ಚಲು, ಎಲ್ಲ ತಾವೇ. ಹೋದ ಗುರುವಾರ ಮನೆಯ ಪರೀಕ್ಷೆ ಇತ್ತು. ಅವರನ್ನು ಅವರ ಮನೆಗೇ ಕರೆದುಕೊಂಡು ಹೋಗಿ ನೋಡುವುದು. ಮೆಟ್ಟಿಲು ಹತ್ತಿದರೆ ಮನೆ, ಹತ್ತದಿದ್ದರೆ ವೃದ್ಧಾಶ್ರಮದ ಜಾಗ ಕಾದಿದೆ. ಕೇಂದ್ರದ ಪುಟ್ಟ ಕಾರಿನಲ್ಲಿ ಮುರಾಯಿ ಸಾನ್, ಫಿಸಿಯೋ, ಬಾಲು, ನಕಾದೆ ಸಾನ್. ಅವರ ಒಪ್ಪಿಗೆ ಪಡೆದು ನಾನು ಹಿಂದೆ ಟ್ಯಾಕ್ಸಿಯಲ್ಲಿ. ದೂರದಲ್ಲಿ ಹಕುಸಾನ್ ಬೆಟ್ಟ ಇನ್ನೂ ಹಿಮದಲ್ಲಿ ಬೆಳ್ಳಗೇ ಇತ್ತು. ಯಾರಿಗೂ ಅದನ್ನು ನೋಡುವ ಪುರುಸೊತ್ತಿರಲಿಲ್ಲ.

ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ಸಿಮೆಂಟು ನೆಲದಿಂದ ಮನೆಯೊಳಕ್ಕೆ ಒಂದೇ ಮೆಟ್ಟಿಲು, ಆದರೆ ಹಳೇ ಕಾಲದ್ದು, ಮೊಣಕಾಲೆತ್ತರ. ನಕಾದೆ ಸಾನ್ ಅದರ ಮೇಲೆ ಕೂತು ಶೂ ಬಿಚ್ಚಿದರು. ಪಕ್ಕದ ಕಂಬ ಹಿಡಿದು ಎದ್ದರು. ಒಂದು ಕಾಲು ಮೇಲಿಟ್ಟರು. ಇನ್ನೊಂದು ಬರಲಿಲ್ಲ. ಬಾಲು ಒಂದು ಮೊಳ ಹಿಂದೆ. ಅವನ ಬೆನ್ನ ಹಿಂದಿನ ಕೈ ನನಗೆ ಕಾಣುತ್ತಿತ್ತು, ಬಲಗೈ ಎಡಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ನಕಾದೆ ಸಾನ್ ಕಾಲು ಕೆಳಗಿಳಿಸಿದರು. ಮುಗಿಯಿತು ಅಂದುಕೊಂಡೆ. ಫಿಸಿಯೋ ನೆಲ ನೋಡುತ್ತಿದ್ದಳು.

ಮುದುಕರು ಬಾಲುವಿನತ್ತ ತಿರುಗಿ ಮೆಲ್ಲಗೆ ಏನೋ ಅಂದರು. ಬಾಲು ಎರಡು ಹೆಜ್ಜೆ ಹಿಂದಕ್ಕೆ ಸರಿದ. ನೀನು ಅಷ್ಟು ಹತ್ತಿರ ನಿಂತರೆ ನನಗೆ ಬೀಳುವ ಧೈರ್ಯ ಬಂದುಬಿಡುತ್ತದೆ ಅಂದರಂತೆ. ಆಮೇಲೆ ಅವರು ಎರಡೂ ಕೈಯಲ್ಲಿ ಕಂಬ ಅಪ್ಪಿಕೊಂಡರು, ಹಲ್ಲು ಕಚ್ಚಿದರು, ಹತ್ತಿದರು. ಹತ್ತಿ ಅಲ್ಲೇ ಕಂಬಕ್ಕೆ ಹಣೆ ಒತ್ತಿ ತುಂಬ ಹೊತ್ತು ನಿಂತರು. ಮುರಾಯಿ ಸಾನ್ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಮುಚ್ಚಿಡುವುದೇನು.

ಮುಂದಿನ ವಾರ ಅವರು ಮನೆಗೆ. ವಾರದಲ್ಲಿ ಕೆಲವು ದಿನ ಬೇರೆ ಸಂಸ್ಥೆಯವರು ಬಂದು ನೋಡಿ ಹೋಗುತ್ತಾರೆ. ಉಳಿದ ದಿನ ಅವರೊಬ್ಬರೇ, ಆ ಮೆಟ್ಟಿಲೊಂದೇ. ಮರಳುವಾಗ ಬಾಲು ನನ್ನ ಟ್ಯಾಕ್ಸಿಯಲ್ಲಿ ಬಂದ. ಖುಷಿಯಾಗಿರುತ್ತಾನೆ ಅಂದುಕೊಂಡಿದ್ದೆ. ಕಿಟಕಿಯಾಚೆ ನೋಡುತ್ತ ಕೂತಿದ್ದ.

"ನಾವು ಮಾಡಿದ್ದು ಸರಿನಾ ಸಾರ್? ರಾತ್ರಿ ಬಿದ್ರೆ ಯಾರಿದಾರೆ?"

"ನೀನೇ ಹೇಳಬೇಕಪ್ಪ" ಎಂದೆ.

"ಒಂದ್ಸಲ ಸರಿ ಅನ್ಸುತ್ತೆ, ಒಂದ್ಸಲ ಇಲ್ಲ."

ಆಸೆ ಏನು ಅಂತ ಕೇಳಿದೆ. ಇಂಥ ಲೇಖನದ ಕೊನೆಗೆ ಕೇಳಲೇಬೇಕಾದ ಪ್ರಶ್ನೆ ಅಂತ ಕೇಳಿದೆ, ಅಷ್ಟೆ. ಸ್ವಂತ ಮನೆ, ಮದುವೆ, ಪರ್ಮನೆಂಟ್ ವೀಸಾ, ಏನಾದರೂ ಹೇಳುತ್ತಾನೆ ಅಂತಿದ್ದೆ.

"ಕೆಲಸದಲ್ಲಿ ನನಗೆ ಇಷ್ಟ ಆದೋರು ಅಂದ್ರೆ ನಕಾದೆ ಸಾನ್ ಒಬ್ಬರೇ ಸಾರ್. ಅವ್ರು ಇನ್ಯಾವತ್ತೂ ಕೇಂದ್ರಕ್ಕೆ ವಾಪಸ್ ಬಂದು ನನ್ನ ಕೈಗೆ ಸಿಗಬಾರದು. ಅಷ್ಟೇ."