ತೆಂಗಿನಕಾಯಿ ಒಡೆಯುವ ಮೊದಲು

ಬ್ಯಾಡಗಿಯಲ್ಲಿ ನನ್ನ ಸೋದರಮಾವನ ಶೀತಲಗೃಹವಿದೆ. ರೈತರು ಮೆಣಸಿನಕಾಯಿ ಚೀಲಗಳನ್ನು ಅಲ್ಲಿಟ್ಟು ಒಳ್ಳೆಯ ದರಕ್ಕೆ ಕಾಯುತ್ತಾರೆ. ಚೀಲದ ಮೇಲೆ ಬರೀ ಒಂದು ನಂಬರು. ಅದು ಐರಣಿ ಊರಿನವರದೋ ಹಲಗೇರಿಯವರದೋ ಎಂಬುದು ಕಂಪ್ಯೂಟರಿಗಷ್ಟೇ ಗೊತ್ತು. ಹಾವೇರಿಯಿಂದ ಓಡಾಡಿಕೊಂಡು ಆ ಕಂಪ್ಯೂಟರ್ ನೋಡಿಕೊಳ್ಳಲು ಸೇರಿದ ಹೊಸತರಲ್ಲೇ ಕೇಳಿದೆ, ‘ಮಾವ, ಇದು ಕೆಟ್ರ?’

‘ಕೆಟ್ರ ಕೆಡ್ಲಿ. ದಿನಾ ಸಂಜಿಗೆ ಗುಮಾಸ್ತರು ಪೆನ್‌ಡ್ರೈವಿಗೆ ಹಾಕ್ತಾರಲ್ಲ.’

ಹಾಕುತ್ತಿದ್ದುದು ನಿಜ. ದೀಪ ಹಚ್ಚಿದ ಮೇಲೆ ನಕಲು ಮಾಡಿ, ಪೆನ್‌ಡ್ರೈವನ್ನು ಗೋಡೆಯಲ್ಲಿನ ದೇವರ ಮಾಡದಲ್ಲಿಡುತ್ತಿದ್ದರು. ನನ್ನ ತಕರಾರು ಅದಲ್ಲ. ಇಟ್ಟದ್ದನ್ನು ಯಾರಾದರೂ ತೆರೆದು ನೋಡಿದ್ದಾರೆಯೇ ಎಂದು ಕೇಳಿದೆ.

‘ಎಲ್ಲಾ ಛಂದ ನಡದೈತಿ. ನಿನ್ನ ಕಾಲೇಜಿನ ವಾದ ಇಲ್ಲಿ ಬ್ಯಾಡ, ವಕೀಲ್ರ,’ ಎಂದು ಮಾವ ಛೇಡಿಸಿದರು.

‘ಮಾರ್ಕೆಟ್ಟಿನ್ಯಾಗ ನೀವು ಚೀಲದ ಬಾಯಿ ಅಷ್ಟ ನೋಡಿ ದರಾ ಹೇಳ್ತೀರೇನು?’

ಮೊಣಕೈವರೆಗೆ ತೋಳು ತೂರಿಸಿ, ತಳದ ಕಾಯಿ ತೆಗೆದು, ಮುರಿದು ಮೂಸದೆ ಒಂದು ಚೀಲವನ್ನೂ ಕೊಂಡವರಲ್ಲ ಮಾವ.

‘ನೋಡು. ನೋಡಿ ಬಾಯಿ ಮುಚ್ಚು.’

ಪೆನ್‌ಡ್ರೈವನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಒಳಗೆ ಇದ್ದದ್ದು ಶಾರ್ಟ್‌ಕಟ್ ಮಾತ್ರ, ಪರದೆಯ ಮೇಲೆ ಕಾಣುವ ಆ ಪುಟ್ಟ ಚಿತ್ರ. ಆಫೀಸಿನ ಕಂಪ್ಯೂಟರಿನಲ್ಲಿ ಒತ್ತಿದರೆ ಎಲ್ಲವೂ ತೆರೆಯುತ್ತದೆ, ಮಾಹಿತಿ ಇರುವುದೇ ಆ ಕಂಪ್ಯೂಟರಿನಲ್ಲಿ. ನನ್ನದರಲ್ಲಿ ಏನೂ ತೆರೆಯಲಿಲ್ಲ. ಅಷ್ಟು ಕಾಲವೂ ಗೋದಾಮನ್ನು ಬಿಟ್ಟು ಗೋದಾಮಿನ ಬೋರ್ಡನ್ನು ಜೋಪಾನ ಮಾಡಿದ್ದೆವು.

‘ಅಯ್ಯಯ್ಯಪ್ಪ, ಅಷ್ಟೂ ಮಂದಿ ಚೀಲ!’ ಎಂದರು ಗುಮಾಸ್ತರು.

ಮಾವ ಗೋದಾಮಿನ ಬಾಗಿಲ ಕಡೆ ನೋಡಿದರು. ‘ಯಾವ್ದು ಯಾರ್ದಂತ ನಾ ಏನ್ ಹೇಳ್ತಿದ್ನೋ ಮಾರಾಯ?’

ಅಂದೇ ಸರಿಯಾದ ನಕಲು ಮಾಡಿದೆವು. ಪ್ರತಿ ತಿಂಗಳ ಒಂದನೇ ತಾರೀಖು ಅದನ್ನು ಬೇರೆ ಯಂತ್ರದಲ್ಲಿ ತೆರೆದು ಪರೀಕ್ಷಿಸೋಣ ಎಂದೆ.

‘ತಾರೀಖು ಯಾರಿಗೆ ನೆನಪಿರ್ತೈತಿ? ಅಮಾಸಿಗೆ ಇಟ್ಕೋ.’

ಅಮಾವಾಸ್ಯೆಗೆ ನಮ್ಮಲ್ಲಿ ಯಂತ್ರಗಳಿಗೆ ಪೂಜೆ. ಕುಂಕುಮದಿಂದ ಯಾವ ಯಂತ್ರವೂ ಉಳಿದಿಲ್ಲ ಎಂದು ಎಷ್ಟೋ ಸಲ ವಾದಿಸಿದ್ದೆ, ಈಗಲೂ ನನ್ನದು ಅದೇ ಮಾತು. ಆದರೆ ಈ ಪೇಟೆಯಲ್ಲಿ ಯಾರೂ ಮರೆಯದ ದಿನ ಅದೊಂದೇ. ಒಪ್ಪಿದೆ.

ಕಂಪ್ಯೂಟರ್ ಇವತ್ತಿನವರೆಗೂ ಕೆಟ್ಟಿಲ್ಲ. ಹಾಗಾಗಿ ಪ್ರತಿ ಅಮಾವಾಸ್ಯೆಗೂ ಮಾವ ಕೈಯಲ್ಲಿ ತೆಂಗಿನಕಾಯಿ ಹಿಡಿದು ಕಾಡುತ್ತಾರೆ, ‘ಏನಾತು? ಏನೂ ಆಗಲಿಲ್ಲಲ್ಲ!’ ಆದರೂ ನಕಲು ತೆರೆಯುವವರೆಗೆ ಕಾಯಿ ಒಡೆಯುವುದಿಲ್ಲ. ಗುಮಾಸ್ತರು ಒಂದು ನಂಬರು ಕೂಗುತ್ತಾರೆ, ನಾನು ಲ್ಯಾಪ್‌ಟಾಪಿನಲ್ಲಿ ಹುಡುಕಿ ಊರು ಹೇಳುತ್ತೇನೆ.

‘ಸಾಕೇನೋ, ಒಡೀಲಿ?’

‘ತಡೀರಿ ಮಾವ, ತಳದ್ದೊಂದು ನೋಡೂಣು.’