ಸ್ಟೇ ತಂದವರೇ ನಿಲ್ಲಿಸಿದ ಚೌಕಟ್ಟು

ಮದುವೆಯಾಗಿ ಮುಳಗುಂದದಿಂದ ಲಕ್ಷ್ಮೇಶ್ವರಕ್ಕೆ ಬಂದಾಗ ನನಗಿದ್ದದ್ದು ಒಂದೇ ಹಂಬಲ: ಒಳಗಿನಿಂದ ಅಗಳಿ ಹಾಕಿಕೊಳ್ಳಲು ಬರುವಂಥ ಒಂದು ಕೋಣೆ. ಎಂಬತ್ತರ ದಶಕದ ಶುರುವಿನ ಮಾತು. ಅತ್ತೆ, ನಾದಿನಿಯರು, ನಾನು ಅಡುಗೆಮನೆಯಲ್ಲಿ ಮಲಗಬೇಕು. ಮಾವ, ನನ್ನ ಗಂಡ, ಬಂದುಹೋಗುವ ನೆಂಟರು ಪಡಸಾಲೆಯಲ್ಲಿ. ಇದ್ದ ಒಂದು ಕೋಣೆಯಲ್ಲಿ ಜೋಳದ ಚೀಲಗಳ ಸಂಸಾರ. ಗಂಡನ ಜೊತೆ ನಾಲ್ಕು ಮಾತಾಡಬೇಕೆಂದರೆ ಅವರು ಸ್ನಾನಕ್ಕೆ ಹೋದಾಗ ಬಿಸಿನೀರು ಕೊಡುವ ನೆಪ ಹೂಡಬೇಕು. ಆ ವರ್ಷ ನನ್ನ ಗಂಡನಷ್ಟು ಸ್ವಚ್ಛವಾಗಿದ್ದ ಗಂಡಸು ಊರಲ್ಲಿ ಇನ್ನೊಬ್ಬನಿರಲಿಲ್ಲ.

ಮಾವನವರು ಕನ್ನಡ ಶಾಲೆಯ ಮಾಸ್ತರರು. ತಿಳಿದದ್ದನ್ನು ಬಾಯಿಬಿಟ್ಟು ಹೇಳುವವರಲ್ಲ. ಒಂದು ದಿನ ಸುಮ್ಮನೆ ಗೌಂಡಿಯನ್ನು ಕರೆಸಿ, ನಮಗಾಗಿ ಹಿತ್ತಲಲ್ಲಿ ಒಂದು ಕೋಣೆಗೆ ಬುನಾದಿ ತೋಡಿಸಿದರು. ನನಗೆ ಕುಣಿಯುವಷ್ಟು ಖುಷಿ. ಆದರೆ ಗ್ರಹಚಾರ ಕೂತಿದ್ದದ್ದೂ ಆ ಹಿತ್ತಲಲ್ಲೇ. ಅದು ನಮ್ಮ ಮನೆಗೂ ಪಕ್ಕದಲ್ಲಿದ್ದ ಮಾವನವರ ಅಣ್ಣನ ಮನೆಗೂ ನಡುವಿನ ಜಾಗ, ಅಜ್ಜನ ಕಾಲದಿಂದ ಪಾಲಾಗದೆ ಉಳಿದದ್ದು. ಆ ದೊಡ್ಡ ಮಾವ ಹೊಲಗಳ ಲೆಕ್ಕ ಬರೆಯುವ ತಲಾಟಿಯಾಗಿ ರಿಟೈರಾದವರು. ಜೀವಮಾನವೆಲ್ಲ ಊರವರ ಬದುವಿನ ಜಗಳ ನೋಡಿದವರಿಗೆ ತಮ್ಮ ಹಿತ್ತಲಲ್ಲೇ ಗುದ್ದಲಿ ಬಿದ್ದರೆ ಕೇಳಬೇಕೆ? ಟೊಪ್ಪಿಗೆ ಹಾಕಿಕೊಂಡು ಗದಗಿನ ಬಸ್ಸು ಹತ್ತಿದರು.

ಬುನಾದಿ ನೆಲಮಟ್ಟಕ್ಕೆ ಬಂತು. ನಮ್ಮ ಕಡೆ ಬಾಗಿಲ ಚೌಕಟ್ಟು ನಿಲ್ಲಿಸುವುದೆಂದರೆ ಅರ್ಧ ಮದುವೆ ಮಾಡಿದಂತೆ. ಹೊಸ್ತಿಲಿಗೆ ಅರಿಶಿನ ಕುಂಕುಮ, ಮೇಲೆ ಮಾವಿನ ತೋರಣ, ಹಳದಿ ಬಟ್ಟೆಯಲ್ಲಿ ಕಟ್ಟಿದ ನವಧಾನ್ಯ. ಎಲ್ಲಕ್ಕಿಂತ ಮುಖ್ಯವಾದದ್ದು, ಮನೆತನದ ಹಿರಿಯನ ಕೈ ಮೊದಲು ಅದಕ್ಕೆ ತಾಗಬೇಕು. ಅತ್ತೆ ನಸುಕಿನಲ್ಲೇ ಎದ್ದು ಗೋಧಿ ಹುಗ್ಗಿಗೆ ಇಟ್ಟಿದ್ದರು. ಪೂಜೆ ಮುಗಿದು ಇನ್ನೇನು ಎತ್ತಬೇಕು, ಅಷ್ಟರಲ್ಲಿ ದೊಡ್ಡ ಮಾವ ಬಂದರು. ಹಿಂದೆ ಕೋರ್ಟಿನ ಬೇಲಿಫ.

"ಕೆಲಸಾ ನಿಂದರಸ್ರಿ. ಸ್ಟೇ ಐತಿ," ಎಂದ ಬೇಲಿಫ.

ಗೌಂಡಿ ಹಿಂದೆ ಸರಿದ. ಚೌಕಟ್ಟು ನೆಲದ ಮೇಲೆ ಅಂಗಾತ ಮಲಗೇ ಉಳಿಯಿತು. ಆರತಿ ತಟ್ಟೆ ಹಿಡಿದು ನಿಂತ ನನಗೆ ನನ್ನ ಕೋಣೆಯೇ ಮಲಗಿದಂತಾಯಿತು. ಪೂಜೆ ಮಾಡಿಸುತ್ತಿದ್ದ ಅಯ್ಯನವರಿಗೆ ಸ್ಟೇಗಿಂತ ರಾಹುಕಾಲದ ಚಿಂತೆ.

"ಹೊತ್ತ ಮೀರತೈತ್ರಿ ಮಾಸ್ತರ, ಜಲ್ದಿ ಕೈ ಹಚ್ರಿ."

"ಅಣ್ಣ ಇಲ್ಲೇ ನಿಂತಾಗ ನಾ ಹೆಂಗ ಹಚ್ಚಲ್ರಿ?" ಎಂದರು ಮಾವ.

ಇದರಲ್ಲಿ ಹೂಟವೇನೂ ಇರಲಿಲ್ಲ. ಅಣ್ಣನೆದುರು ಕುರ್ಚಿಯ ಮೇಲೂ ಕೂರದ ಮನುಷ್ಯ. ಎಲ್ಲರೂ ದೊಡ್ಡ ಮಾವನ ಮುಖ ನೋಡಿದೆವು. ಅವರು ಚೌಕಟ್ಟು ನೋಡಿದರು, ಅಯ್ಯನವರನ್ನು ನೋಡಿದರು, ಕೊನೆಗೆ ತಮ್ಮನ ಮೇಲೆ ಹರಿಹಾಯ್ದರು.

"ಪೂಜಿ ಮಾಡಿದ ಹೊಸ್ತಿಲಾ ರಾಹುಕಾಲದಾಗ ನೆಲದ ಮ್ಯಾಲ ಕೆಡವತೀ ಏನಲೇ? ನಮ್ಮ ಮನಿತನದಾಗ ಎಂದಾರ ಹಿಂಗ ಆಗೇತೇನು?" ಧೋತರದ ಚುಂಗು ಮೇಲೆ ಕಟ್ಟಿ ಒಂದು ಮಗ್ಗುಲಿಗೆ ಕೈ ಹಾಕಿದರು. "ಏ ಸಾಹೇಬ್ರ, ಸುಮ್ನ ಏನ್ ನೋಡತೀರಿ, ಆ ಕಡೆ ಹಿಡೀರಿ."

ಬೇಲಿಫ ಸ್ಟೇ ಕಾಗದವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಡಿದ. ಗೌಂಡಿ ದಾರದ ಗುಂಡು ಇಳಿಬಿಟ್ಟು ಸೊಟ್ಟವಿದೆಯೇ ಎಂದು ನೋಡಿದ. ಕಾಯಿ ಒಡೆಯಿತು. ನಾನು ನಗು ತಡೆಯಲು ಸೆರಗು ಕಚ್ಚಿದ ಪರಿಗೆ ಸೆರಗೇ ತೂತು ಬಿದ್ದಿತು. ಬೇಲಿಫ ತುಪ್ಪ ಹಾಕಿಸಿಕೊಂಡು ಹುಗ್ಗಿ ಉಂಡು, ಕೈ ತೊಳೆದು, ಆಮೇಲೆ ಸ್ಟೇ ಜಾರಿ ಮಾಡಿದ.

"ಇನ್ನ ಮ್ಯಾಲ ಒಂದ ಕಲ್ಲೂ ಇಡಂಗಿಲ್ಲ ನೋಡ್ರಿ."

"ಆತ್ರಿ," ಎಂದು ಮಾವ ಸಹಿ ಹಾಕಿದರು.

ಹೀಗೆ ನನಗೆ ಕೋಣೆ ಬರಲಿಲ್ಲ, ಬಾಗಿಲಷ್ಟೇ ಬಂತು. ಗೋಡೆಯಿಲ್ಲ, ಚಾವಣಿಯಿಲ್ಲ, ಬಟ್ಟಬಯಲಲ್ಲಿ ಒಂದು ಚೌಕಟ್ಟು. ನಿಂತ ಹೊಸ್ತಿಲನ್ನು ಬರಿದೆ ಬಿಡುವಂತಿಲ್ಲವೆಂದು ಅತ್ತೆ ಹೇಳಿದ್ದರಿಂದ ದಿನಾ ತೊಳೆದು ರಂಗೋಲಿ ಹಾಕುತ್ತಿದ್ದೆ. ಸ್ಟೇ ತಂದ ದೊಡ್ಡ ಮಾವ ತಮ್ಮ ಕಟ್ಟೆಯಿಂದಲೇ ತಪಾಸಣೆ ಮಾಡುವರು: "ಇವತ್ತ ರಂಗೋಲಿ ಸಣ್ಣದಾತಲ್ಲವಾ." ಸಂಜೆ ನನ್ನ ಗಂಡ ಸುತ್ತು ಹಾಕಿ ಅದೇ ಬಾಗಿಲಿನಿಂದ ಬಂದು "ಮನ್ಯಾಗ ಯಾರದಾರ್ರಿ?" ಎನ್ನುವರು. ನಾನು "ಯಾರೂ ಇಲ್ಲ, ಬರ್ರಿ," ಎನ್ನುವೆ. ಬುನಾದಿಯ ಕಲ್ಲಿನ ಮೇಲೆ ಕೂತು, ಓಣಿಯೆಲ್ಲ ನೋಡುತ್ತಿರುವಾಗ, ನಮ್ಮ ಕೋಣೆಯಲ್ಲಿ ನಾವಿಬ್ಬರೇ ಇದ್ದೇವೆಂದು ನಗುತ್ತಿದ್ದೆವು. ಮಳೆಗಾಲ ಶುರುವಾದಾಗ ಮಾತ್ರ ನನ್ನ ನಗು ಮುಗಿಯಿತು. ದೀಪಾವಳಿಗೆ ತವರಿಗೆ ಹೋದರೆ ಗೋಡೆ ಏಳುವ ತನಕ ತಿರುಗಿ ಬರುವವಳಲ್ಲ ಎಂದುಬಿಟ್ಟೆ. ಹುಡುಗಾಟಕ್ಕೆ ಹೇಳಿದ್ದಲ್ಲ. ಗಂಡನ ಮುಖ ಸಪ್ಪಗಾಯಿತು.

ದೀಪಾವಳಿಗೆ ಮುಂಚೆಯೇ ಕೇಸಿನ ತಾರೀಖು ಬಂತು. ವಾದಿ ಪ್ರತಿವಾದಿ ಒಂದೇ ಬಸ್ಸಿನಲ್ಲಿ, ಅತ್ತೆ ಕಟ್ಟಿಕೊಟ್ಟ ಒಂದೇ ರೊಟ್ಟಿ ಗಂಟಿನೊಂದಿಗೆ ಗದಗಿಗೆ ಹೋದರು. ಜೊತೆಗೆ ಹೋದ ನನ್ನ ಗಂಡ ಬಂದು ಹೇಳಿದ್ದು ಇಷ್ಟು. ಚೌಕಟ್ಟು ನಿಲ್ಲಿಸಿದವರು ಯಾರೆಂದು ನಮ್ಮ ವಕೀಲರು ಕೇಳಿದಾಗ ದೊಡ್ಡ ಮಾವ ಎದೆಯುಬ್ಬಿಸಿ "ನಾನ ರೀ," ಎಂದರಂತೆ. ಅವರದೇ ವಕೀಲರು ಹಣೆ ಹಿಡಿದುಕೊಂಡರಂತೆ.

"ಸ್ಟೇ ತಂದವರೂ ನೀವು, ಬಾಗಿಲ ನಿಲ್ಲಿಸಿದವರೂ ನೀವು. ನಿಮಗ ಬೇಕಾಗಿದ್ದು ಏನು?" ಎಂದು ಜಡ್ಜ್ ಕೇಳಿದರಂತೆ.

"ಹಿರ್ಯಾ ಅದೀನ್ರಿ ಸಾಹೇಬ್ರ. ಗುದ್ದಲಿ ಹಾಕೂ ಮುಂದ ನನ್ನ ಒಂದ ಮಾತ ಕೇಳಬೇಕಿತ್ತು."

ಮಾವನವರು ಕೂತಲ್ಲಿಂದಲೇ "ತಪ್ಪಾತಣ್ಣಾ," ಎಂದರಂತೆ. ಸುಮ್ಮನಿರುವಂತೆ ಕೋರ್ಟಿನ ಪಟ್ಟೇವಾಲಾ ಗದರಿದನಂತೆ. ದೊಡ್ಡ ಮಾವ ದಾವೆ ಹಿಂದಕ್ಕೆ ಪಡೆದರು.

ಸಂಜೆ ನಾನು ನಮ್ಮ ಬಯಲು ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ದೊಡ್ಡ ಮಾವ ಬಂದರು. ನಾಲ್ಕೂ ಕಡೆ ಬಯಲು, ಎಲ್ಲಿಂದ ಬೇಕಾದರೂ ಒಳಗೆ ಬರಬಹುದಿತ್ತು. ಅವರು ಸುತ್ತಿ ಬಂದು, ಚಪ್ಪಲಿ ಕಳಚಿ, ಹೊಸ್ತಿಲ ಆಚೆ ನಿಂತರು.

"ಒಳಗ ಬರಲೇನವಾ?"

ನಗು ಬಂತು. ತಲೆಯ ಮೇಲೆ ಸೆರಗು ಎಳೆದುಕೊಂಡು "ಬರ್ರಿ, ಕುಂಡ್ರಿ," ಎಂದೆ. ನನ್ನ ಮದುವೆಯ ಜಮಖಾನೆ ತಂದು ನೆಲಕ್ಕೆ ಹಾಸಿದೆ. ಕೂತು, ಇಲ್ಲದ ಗೋಡೆಗಳನ್ನು ಒಂದೊಂದಾಗಿ ನೋಡಿದರು.

"ಕಿಡಕಿ ಯಾವ ಕಡೆ ಇಡೂಣು?"

ಆ ಮನೆಗೆ ಬಂದ ಮೇಲೆ ನನಗೆ ಏನು ಬೇಕೆಂದು ಯಾರಾದರೂ ಕೇಳಿದ್ದು ಅದೇ ಮೊದಲು.

"ನಿಮ್ಮ ಮನಿ ಕಡೆ ಒಂದ ಬ್ಯಾಡ್ರಿ," ಎಂದುಬಿಟ್ಟೆ.

ಅವರು ಕೆಮ್ಮು ಹತ್ತುವ ತನಕ ನಕ್ಕರು. ಮರುದಿನ ಗೌಂಡಿಯನ್ನು ತಾವೇ ಕರೆತಂದು, ತಮ್ಮ ಮನೆಯ ಕಡೆಗಿನ ಗೋಡೆಯನ್ನೇ ಮೊದಲು ಏರಿಸಿದರು.