ಹೊಳೆದಂಡೆಯಲ್ಲಿ ನಾನಾಡಿದ ಮಾತು

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ದಾವಣಗೆರೆಯಿಂದ ಹರಿಹರದ ಬಸ್ಸು ಹತ್ತಿದೆವು. ಹದಿನಾಲ್ಕು ಕಿಲೋಮೀಟರ್ ದಾರಿ. ಹೆಂಗಸಾದ್ದರಿಂದ ನನಗೆ ಟಿಕೆಟ್ ಉಚಿತ. ನಮ್ಮ ಯಜಮಾನರದು ಇಪ್ಪತ್ತು ರೂಪಾಯಿ ಚಿಲ್ಲರೆ. ನಮ್ಮೂರಿನ ಅಂಚಿನ ಕರೂರಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು ನಿವೃತ್ತರಾದ ಮೇಲೆ ಹಕ್ಕಿ ನೋಡುವ ಹುಚ್ಚು ಹಿಡಿಸಿಕೊಂಡಿದ್ದಾರೆ. ಕೊರಳಲ್ಲಿ ದುರ್ಬೀನು, ತಲೆಗೆ ಹಸಿರು ಟೋಪಿ. ವಿದ್ಯಾನಗರದ ಶಾಲೆಯಲ್ಲಿ ಪಾಠ ಹೇಳುವ ನಾನು ಅವರ ಜೊತೆ ಹೊರಟದ್ದು ಅದೇ ಮೊದಲು. ಆ ಟೋಪಿಯನ್ನಾದರೂ ಮನೆಯಲ್ಲಿ ಬಿಟ್ಟು ಬರಬಾರದಿತ್ತೇ ಎಂದುಕೊಳ್ಳುತ್ತಲೇ ಕೂತಿದ್ದೆ.

ಹರಿಹರದಲ್ಲಿ ಇಳಿದು ಆಟೋ ಹಿಡಿದು ಹೊಳೆದಂಡೆಗೆ ಬಂದಾಗ ಮಂಜು ಆಗಷ್ಟೇ ಕರಗುತ್ತಿತ್ತು. ತುಂಗಭದ್ರೆಯ ನಡುವೆ ಬಂಡೆಗಳು ಎದ್ದಿದ್ದವು. ಒಂದರ ಮೇಲೆ ನೀರುಕಾಗೆಯೊಂದು ರೆಕ್ಕೆ ಹರವಿಕೊಂಡು ಕೂತಿತ್ತು. "ಅಗೋ, ಒದ್ದೆ ಕೊಡೆ ಒಣಹಾಕಿದಂಗೈತೆ" ಎಂದರು. ನನಗೂ ನಗು ಬಂತು. ಕಪ್ಪು ಬಿಳಿ ಮಿಂಚುಳ್ಳಿಯನ್ನು ಹುಡುಕುತ್ತ ಅವರು ಪೊದೆಗಳ ಕಡೆ ಹೋದರು. ಕಾಲು ನೋಯುತ್ತದೆಂದು ನಾನು ಮೆಟ್ಟಿಲ ಮೇಲೆ ಕೂತೆ.

ಕೆಳಗೆ ಐದಾರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಬ್ಬಾಕೆ ನನ್ನ ಗುರುತು ಹಿಡಿದಳು. "ಟೀಚರ್ ಅಲ್ಲೇನ್ರಿ? ದಾವಣಗೆರೆಯಾಗಿದ್ದಾಗ ನಮ್ ಹುಡುಗಿ ಸಲ್ಮಾ ನಿಮ್ ಹತ್ರಾನೇ ಕಲ್ತಿದ್ದು. ಈಗ ನರ್ಸಿಂಗ್ ಓದ್ತಾಳೆ. ಇಲ್ಲಿ ಬರ್ರಿ, ಕೂಡ್ರಿ" ಎಂದು ಬಕೆಟ್ಟು ಸರಿಸಿ ಜಾಗ ಮಾಡಿಕೊಟ್ಟಳು. ಉಳಿದವರೂ ಗೌರವದಿಂದ ನೋಡಿದರು. ನನಗೆ ಹಿಗ್ಗಾಯಿತು, ಕೆಳಗಿಳಿದು ಅವಳ ಪಕ್ಕ ಕೂತೆ.

ಅಷ್ಟರಲ್ಲಿ ಇನ್ನೊಬ್ಬಳು ಎದ್ದು ಕೂಗಿದಳು: "ಯಾವನಲೇ ಅವ್ನು ಪೊದ್ಯಾಗೆ! ಹೆಣ್ಮಕ್ಳು ಬಟ್ಟೆ ಒಗೆಯೋ ಕಡೆ ದುರ್ಬೀನ್ ಹಿಡ್ಕಂಡು ನಿಂತಾನೆ!"

ಪೊದೆಯ ಹಿಂದಿನಿಂದ ಹಸಿರು ಟೋಪಿ ಮೇಲೆದ್ದಿತು. "ಹಕ್ಕಿ ನೋಡ್ತಿದ್ದೆ ತಾಯಿ..." ಎಂದು ಅವರು ತೊದಲಿದರು.

"ವಯಸ್ಸಾಗೈತೆ, ನಾಚ್ಕೆ ಆಗಲ್ವಾ ನಿಂಗೆ?" ಎಂದ ಆಕೆ ನನ್ನ ಕಡೆ ತಿರುಗಿದಳು. "ನಿಮ್ ಪೈಕೀನೇನ್ರಿ ಟೀಚರ್?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ನನಗೆ ಗೊತ್ತಿಲ್ಲಮ್ಮ. ಯಾರೋ ಏನೋ" ಎಂದೆ.

ಅವರಿಗೆ ಅದು ಕೇಳಿಸಿತು. ಒಮ್ಮೆ ನನ್ನ ಮುಖ ನೋಡಿದರು. ಹೆಸರು ಹಿಡಿದು ಕರೆಯಬಹುದಿತ್ತು, ಕರೆಯಲಿಲ್ಲ. "ತಪ್ಪಾತು ತಾಯಿ" ಎಂದು ಆ ಹೆಂಗಸರಿಗೆ ಕೈಮುಗಿದು ಸೇತುವೆಯ ಕಡೆ ನಡೆದುಬಿಟ್ಟರು. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ಮನುಷ್ಯ ಮಾಡದ ತಪ್ಪಿಗೆ ಕೈಮುಗಿಯುತ್ತಿದ್ದರೆ ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಸ್ವಲ್ಪ ಹೊತ್ತು ಸಲ್ಮಾಳ ಮಾತೇ ನಡೆಯಿತು. ನನ್ನ ಕಿವಿಗೆ ಒಂದೂ ಬೀಳಲಿಲ್ಲ. ಕೊನೆಗೆ ಎದ್ದು ನಿಂತು ಹೇಳಿದೆ: "ಆಗ ಹೋದವರು ನಮ್ಮ ಯಜಮಾನರು. ಹಕ್ಕಿ ನೋಡೋಕೇ ಬಂದದ್ದು. ನಾನು ಸುಳ್ಳು ಹೇಳಿದೆ."

ಕೂಗಾಡಿದಾಕೆ ಹಿಂಡುತ್ತಿದ್ದ ಸೀರೆಯನ್ನು ಹಾಗೇ ಹಿಡಿದು ನಿಂತಳು. ಸಲ್ಮಾಳ ತಾಯಿ ತಲೆ ಎತ್ತಲಿಲ್ಲ. "ಗೊತ್ತೈತ್ರಿ. ಇಬ್ರೂ ಒಂದೇ ಆಟೋದಾಗೆ ಇಳಿದಿದ್ದು ನೋಡಿದ್ದೆ. ನೀವೇ ಹೇಳ್ತೀರಿ ಅಂತ ಸುಮ್ಕಿದ್ದೆ."

ನಾನು ಕಲಿಸಿದ ಹುಡುಗಿಯ ತಾಯಿ ಈ ಸಲ ನನ್ನನ್ನು 'ಟೀಚರ್' ಎನ್ನಲಿಲ್ಲ. ಬಂದ ದಾರಿಯನ್ನೇ ನೋಡಿಕೊಂಡು ಮೆಟ್ಟಿಲು ಹತ್ತಿದೆ.

ಅವರು ಸೇತುವೆ ಹತ್ತಿರದ ಅಂಗಡಿಯಲ್ಲಿದ್ದರು. ಎರಡು ಪ್ಲೇಟ್ ಮಂಡಕ್ಕಿ-ಮಿರ್ಚಿ ತರಿಸಿ, ನನ್ನದರ ಮೇಲೆ ಪೇಪರ್ ಮುಚ್ಚಿದ್ದರು. "ಆರಿ ಹೋಗ್ತೈತೆ, ತಿನ್ನು" ಎಂದರು.

"ರೀ, ನಾನು ಹಂಗೆ ಅನ್ನಬಾರದಿತ್ತು."

"ಇರ್ಲಿ ಬಿಡು. ನಮ್ಮೋರು ಅಂದಿದ್ರೆ ನಿನಗೂ ಬೈತಿದ್ರು."

ಅವರು ರೇಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹನ್ನೊಂದರ ಬಸ್ಸಿಗೆ ಹಿಂದಿರುಗಿದೆವು. ಕಿಟಕಿಯ ಜಾಗ ನನಗೇ ಬಿಟ್ಟರು. ಊರು ದಾಟಿದ ಮೇಲೆ ನಾಟಿಗೆ ಉಳುತ್ತಿದ್ದ ಗದ್ದೆಯೊಂದರಲ್ಲಿ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳ ದೊಡ್ಡ ಹಿಂಡೇ ಎದ್ದೆದ್ದು ಕೂರುತ್ತಿತ್ತು. "ರೀ, ಅಲ್ನೋಡ್ರಿ" ಎಂದೆ. ಹಕ್ಕಿ ಎಂದರೆ ನಿದ್ದೆಯಿಂದಲೂ ಎದ್ದು ಕೂರುವವರು ಎದುರಿನ ಸೀಟಿನಿಂದ ಕಣ್ಣು ತೆಗೆಯಲಿಲ್ಲ.

"ನೀನು ನೋಡು" ಎಂದರಷ್ಟೆ.